ಟೌನ್ಸ್‌ನ ಹಾಡುಗಳ ಹಿಂದೆ ಐದು ದಿನ

ಮೊದಲ ದಿನ, ಡಿಸೆಂಬರ್ 29

ಬೆಳಗ್ಗೆ ಏಳಕ್ಕೆ ಟೆಕ್ಸಸ್‌ನ ಡೆಂಟನ್ ಬಿಟ್ಟೆವು. ಕಾರು ತಮ್ಮನದು, ಹಾಡುಗಳು ನನ್ನವು. ಹಿಂದಿನ ಸೀಟಿನಲ್ಲಿ ಪುಳಿಯೋಗರೆ ಡಬ್ಬಿ, ಚಪಾತಿ, ಚಟ್ನಿಪುಡಿ, ಎರಡು ಕಂಬಳಿ.

"ಹೊಸ ವರ್ಷಕ್ಕೆ ಜನ ಪಟಾಕಿ ನೋಡೋಕೆ ಹೋಗ್ತಾರೆ ಅಕ್ಕಾ. ನಾವು ಸಮಾಧಿ ನೋಡೋಕೆ ಹೊರಟಿದೀವಿ," ಅಂದ ತಮ್ಮ.

"ಸುಮ್ನೆ ಓಡಿಸೋ. ಜನವರಿ ಒಂದಕ್ಕೆ ಯಾಕೆ ಅಂತ ಅಲ್ಲಿ ಹೋದ ಮೇಲೆ ಗೊತ್ತಾಗತ್ತೆ," ಅಂದೆ.

ತಾನೇ ಹಾಡು ಬರೆದು ಹಾಡುತ್ತಿದ್ದ ಟೆಕ್ಸಸ್‌ನ ಟೌನ್ಸ್ ವ್ಯಾನ್ ಜಾಂಟ್ ಅನ್ನೋ ಹೆಸರು ನನಗೆ ಸಿಕ್ಕಿದ್ದು ಇದೇ ಕಾರಿನಲ್ಲಿ. ಮೂರು ವರ್ಷದ ಹಿಂದೆ ರೇಡಿಯೋದಲ್ಲಿ 'ಪ್ಯಾಂಚೊ ಅಂಡ್ ಲೆಫ್ಟಿ' ಬಂತು. ಹಾಡಿದವರು ಅಮೆರಿಕಾದ ಹೆಸರಾಂತ ಗಾಯಕರಾದ ವಿಲ್ಲಿ ನೆಲ್ಸನ್ ಮತ್ತು ಮರ್ಲ್ ಹ್ಯಾಗರ್ಡ್. ಹಾಡಿನ ಕಥೆಯಲ್ಲಿ ಇಬ್ಬರು ಗೆಳೆಯರು, ಇಬ್ಬರೂ ಡಕಾಯಿತರು. ಒಬ್ಬ ಮೆಕ್ಸಿಕೋದ ಮರುಭೂಮಿಯಲ್ಲಿ ಸಾಯುತ್ತಾನೆ. ಇನ್ನೊಬ್ಬ ಅಮೆರಿಕಾದ ತಣ್ಣನೆಯ ಊರೊಂದರ ಅಗ್ಗದ ಹೋಟೆಲಿನಲ್ಲಿ ಮುದುಕನಾಗುತ್ತಾನೆ. ಗೆಳೆಯನನ್ನು ಹಿಡಿದುಕೊಟ್ಟವನು ಇವನೇನಾ? ಹಾಡು ಹೇಳುವುದಿಲ್ಲ. ಯಾರು ಬರೆದದ್ದು ಅಂತ ಆ ರಾತ್ರಿಯೇ ಹುಡುಕಿದೆ. ಬರೆದವನೇ ಹಾಡಿದ 1972ರ ರೆಕಾರ್ಡಿಂಗ್ ಸಿಕ್ಕಿತು. ಆಡಂಬರ ಇಲ್ಲದ ಒಣ ದನಿ. ವಿಲ್ಲಿ, ಮರ್ಲ್ ಹಾಡಿದ್ದು ಸಿನಿಮಾ ಹಾಗಿದೆ. ಇದು ಪಕ್ಕದಲ್ಲಿ ಕೂತು ಯಾರೋ ತಗ್ಗಿದ ದನಿಯಲ್ಲಿ ಹೇಳಿದ ಹಾಗಿತ್ತು.

'ಅವನು' ಅಂತಲೇ ಬರೆಯುತ್ತೇನೆ. ಇಷ್ಟು ದಿನ ಕೇಳಿದ ಮೇಲೆ 'ಅವರು' ಅಂದರೆ ದೂರದವನಾಗಿಬಿಡುತ್ತಾನೆ.

ಆ ಹಾಡು ಹುಟ್ಟಿದ ಕಥೆಯನ್ನು ಅವನೇ ವೇದಿಕೆ ಮೇಲೆ ಹೇಳುತ್ತಿದ್ದ. ಡಲ್ಲಾಸ್‌ನಲ್ಲಿ ಹಾಡಲು ಬಂದಿದ್ದನಂತೆ. ಆಗಲೇ ಒಂದು ಕಡೆ ಕ್ರೈಸ್ತ ಬೋಧಕ ಬಿಲ್ಲಿ ಗ್ರಹಾಂ ಸಭೆ, ಇನ್ನೊಂದು ಕಡೆ ನಮ್ಮ ದೇಶದಿಂದ ಹೋದ ಹುಡುಗ ಗುರು ಮಹಾರಾಜ್ ಜೀ ಸಭೆ. ಊರಿನ ಹೋಟೆಲುಗಳೆಲ್ಲ ಭಕ್ತರಿಂದ ಭರ್ತಿ. ಇವನಿಗೆ ಕೋಣೆ ಸಿಕ್ಕಿದ್ದು ದೂರದ ಡೆಂಟನ್ ಕಡೆ, ಒಂದು ಅಗ್ಗದ ಹೋಟೆಲಿನಲ್ಲಿ. ಮಾಡಲು ಬೇರೆ ಕೆಲಸ ಇರಲಿಲ್ಲ, ಕೂತು ಈ ಹಾಡು ಬರೆದ. ತಮ್ಮ ಕೆಲಸ ಮಾಡುವ ಊರಲ್ಲೇ! ಇದು ಗೊತ್ತಾದ ದಿನವೇ ಈ ಪ್ರವಾಸ ಮನಸ್ಸಿನಲ್ಲಿ ಶುರುವಾಗಿತ್ತು.

ಫೋರ್ಟ್ ವರ್ತ್‌ನ ವಾಯವ್ಯಕ್ಕೆ, ಈಗಲ್ ಮೌಂಟನ್ ಕೆರೆಯ ಹತ್ತಿರ ಡೈಡೋ ಅಂತ ಒಂದು ಜಾಗವಿದೆ. ಹಿಂದೆ ಊರಾಗಿತ್ತು. ಈಗ ಉಳಿದಿರುವುದರಲ್ಲಿ ಹೆಸರು ಹೇಳಬಹುದಾದದ್ದು ಸ್ಮಶಾನವೇ. ನಾವು ತಲುಪಿದಾಗ ಹುಲ್ಲು ಚಳಿಗೆ ಒಣಗಿ ಗೋಧಿ ಬಣ್ಣಕ್ಕೆ ತಿರುಗಿತ್ತು. ಒಬ್ಬರೂ ಇರಲಿಲ್ಲ. ವ್ಯಾನ್ ಜಾಂಟ್ ಮನೆತನದ ಕಲ್ಲುಗಳ ಮಧ್ಯೆ ಅವನ ಕಲ್ಲು. ಚಿತಾಭಸ್ಮ ಇಟ್ಟದ್ದು ಇಲ್ಲಿ. ಹುಟ್ಟಿದ್ದು ಫೋರ್ಟ್ ವರ್ತ್‌ನಲ್ಲಿ, ಮಾರ್ಚ್ 7, 1944. ತೀರಿಕೊಂಡದ್ದು ಟೆನೆಸಿಯಲ್ಲಿ, ಜನವರಿ 1, 1997. ಐವತ್ತೆರಡು ವರ್ಷ.

ಕಲ್ಲಿನ ಬಳಿ ಯಾರೋ ಗಿಟಾರಿನ ತಂತಿ ಮೀಟುವ ಪಿಕ್‌ಗಳನ್ನು ಇಟ್ಟು ಹೋಗಿದ್ದರು. ನಾಲ್ಕೈದು ನಾಣ್ಯ. ಮಳೆಗೆ ನೆಂದು ಮತ್ತೆ ಒಣಗಿದ ಒಂದು ಚೀಟಿ. ಅದನ್ನು ಬಿಡಿಸಿ ಓದಲು ಮನಸ್ಸಾಗಲಿಲ್ಲ. ನನ್ನ ಕೈಯಲ್ಲಿ ಇಡಲು ಏನೂ ಇರಲಿಲ್ಲ. ಮನೆಯಿಂದ ಒಂದು ಹೂವಾದರೂ ತರಬೇಕಿತ್ತು ಅನ್ನಿಸಿತು.

ಮಧ್ಯಾಹ್ನ ಫೋರ್ಟ್ ವರ್ತ್‌ನಲ್ಲಿ ವ್ಯಾನ್ ಜಾಂಟ್ ಕಾಟೇಜ್ ನೋಡಿದೆವು. ಸಣ್ಣ ಬಿಳಿ ಮನೆ. ಅಮೆರಿಕಾದ ಅಂತರ್ಯುದ್ಧದಲ್ಲಿ ಹೋರಾಡಿ ಬಂದು ಈ ಊರು ಬೆಳೆಸಿದವರಲ್ಲಿ ಒಬ್ಬನಾದ, ಬ್ಯಾಂಕ್ ನಡೆಸಿದ ಖ್ಲೆಬರ್ ವ್ಯಾನ್ ಜಾಂಟ್ ಇದ್ದ ಮನೆ. ಅವನ ತಂದೆ ಐಸಾಕ್ ಹೆಸರಿನಲ್ಲಿ ಪೂರ್ವ ಟೆಕ್ಸಸ್‌ನಲ್ಲಿ ಒಂದು ಕೌಂಟಿಯೇ, ಅಂದರೆ ಜಿಲ್ಲೆಯೇ ಇದೆ. ಟೌನ್ಸ್‌ನ ತಾಯಿಯ ಕಡೆಯೂ ದೊಡ್ಡ ಮನೆತನ. ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದ ಕಾನೂನು ಕಾಲೇಜಿನ ಕಟ್ಟಡಕ್ಕೆ ಟೌನ್ಸ್ ಹಾಲ್ ಅಂತ ಹೆಸರು ಬಂದದ್ದು ಆ ಕಡೆಯ ಹಿರಿಯರಿಂದ. ಹುಡುಗನ ಹೆಸರಿನ ಎರಡು ಭಾಗವೂ ಆಗಲೇ ಟೆಕ್ಸಸ್‌ನ ಕಲ್ಲು, ನಕ್ಷೆಗಳ ಮೇಲೆ ಇದ್ದವು. ತಂದೆ ತೈಲ ಕಂಪನಿಯ ವಕೀಲ. ಮಗನೂ ವಕೀಲನಾಗಬೇಕು, ಆಗದಿದ್ದರೆ ಗವರ್ನರ್ ಆಗಲಿ ಅನ್ನುವಂಥ ಮನೆ.

ಆದರೆ 1956ರಲ್ಲಿ ಹನ್ನೆರಡರ ಹುಡುಗ ಟಿವಿಯಲ್ಲಿ ಎಲ್ವಿಸ್ ಪ್ರೀಸ್ಲಿಯನ್ನು ನೋಡಿದ. ಆ ಕ್ರಿಸ್‌ಮಸ್‌ಗೆ ಅಪ್ಪ ಗಿಟಾರು ಕೊಡಿಸಿದರು.

ಎರಡನೇ ದಿನ, ಡಿಸೆಂಬರ್ 30

ಹ್ಯೂಸ್ಟನ್ ಕಡೆಗೆ. ನೇರ ಹೈವೇಯಲ್ಲಿ ಹೋದರೆ ನಾಲ್ಕು ಗಂಟೆ. ಸೆಂಟರ್‌ವಿಲ್ ಹತ್ತಿರ ಪೂರ್ವಕ್ಕೆ ತಿರುಗಿಸಿಕೊಂಡು ಕ್ರಾಕೆಟ್‌ಗೆ ಹೋದೆವು. ಪೈನ್ ಮರಗಳು ಶುರುವಾಗುವ ಸೀಮೆ. ಕೆಂಪು ಮಣ್ಣು ಕಂಡಾಗ ಇಬ್ಬರೂ ಒಂದೇ ಸಲ "ನೋಡು" ಅಂದೆವು.

ಕ್ರಾಕೆಟ್‌ನಲ್ಲಿ ಲೈಟ್ನಿನ್ ಹಾಪ್ಕಿನ್ಸ್‌ನ ಕಂಚಿನ ಪ್ರತಿಮೆ ಇದೆ. ಹುಟ್ಟಿದ್ದು ಸೆಂಟರ್‌ವಿಲ್‌ನಲ್ಲಿ, ಹಾಡಿ ಬದುಕಿದ್ದು ಹ್ಯೂಸ್ಟನ್ನಿನಲ್ಲಿ. ಕಪ್ಪು ಜನರ ಬ್ಲೂಸ್ ಸಂಗೀತದ ದೊಡ್ಡ ಮನುಷ್ಯ. ಟೌನ್ಸ್ ಬೆರಳಿನಿಂದ ತಂತಿ ಮೀಟುವುದನ್ನು ಕಲಿತದ್ದು ಈತನ ರೆಕಾರ್ಡು ಕೇಳಿ, ಆಮೇಲೆ ಹ್ಯೂಸ್ಟನ್ನಿನಲ್ಲಿ ಎದುರು ಕೂತು ನೋಡಿ. ಟೌನ್ಸ್‌ನನ್ನು ಕಂಟ್ರಿ (ಅಮೆರಿಕಾದ ಹಳ್ಳಿ ಸೀಮೆಯ ಸಂಗೀತ) ಗಾಯಕ ಅಂತ ಅಂಗಡಿಯಲ್ಲಿ ಒಂದು ಕಪಾಟಿಗೆ ಹಾಕುತ್ತಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಕಥೆ ಹೇಳುವ ರೀತಿ ಕಂಟ್ರಿಯ ಹಿರಿಯ ಹಾಡುಗಾರ ಹ್ಯಾಂಕ್ ವಿಲಿಯಮ್ಸ್‌ನದು, ಆದರೆ ಹೆಬ್ಬೆರಳು ಲೈಟ್ನಿನ್‌ನದು. ಪ್ರತಿಮೆಯ ಮುಂದೆ ಕಾರಿನ ಬಾಗಿಲು ತೆಗೆದಿಟ್ಟು ಇಬ್ಬರದೂ ಒಂದೊಂದು ಹಾಡು ಕೇಳಿದೆವು. ಕೇಳಿ ನೋಡಿ, ಕಿವಿಗೇ ಗೊತ್ತಾಗುತ್ತದೆ.

ಸಂಜೆ ಮಳೆ. ಹ್ಯೂಸ್ಟನ್ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಹೋಯಿತು. ನಾವು ಕಾಯ್ದಿರಿಸಿದ್ದ ಹೋಟೆಲಿನಲ್ಲಿ ನಮ್ಮ ಹೆಸರೇ ಇರಲಿಲ್ಲ. ಇನ್ನೊಂದು ಕಡೆ ಹುಡುಕಿ ಮಲಗುವಾಗ ಹತ್ತೂವರೆ. ತಣ್ಣಗಾದ ಪುಳಿಯೋಗರೆಯೇ ಊಟ, ಅದೂ ರುಚಿಯಾಗಿಯೇ ಇತ್ತು.

ಮೂರನೇ ದಿನ, ಡಿಸೆಂಬರ್ 31

ಹ್ಯೂಸ್ಟನ್ ಡೌನ್‌ಟೌನ್‌ನಲ್ಲಿ ಕಾಂಗ್ರೆಸ್ ಮತ್ತು ಆಸ್ಟಿನ್ ಅನ್ನೋ ಎರಡು ಬೀದಿ ಸೇರುವ ಮೂಲೆ. ಸುತ್ತ ಕೋರ್ಟು ಕಚೇರಿಗಳು. ಇದೇ ಮೂಲೆಯಲ್ಲಿ ಓಲ್ಡ್ ಕ್ವಾರ್ಟರ್ ಅನ್ನೋ ಸಣ್ಣ ಬಾರ್ ಇತ್ತು. ನಡೆಸುತ್ತಿದ್ದವರು ಡೇಲ್ ಸೋಫರ್ ಮತ್ತು ರೆಕ್ಸ್ ಬೆಲ್.

ಅರವತ್ತರ ದಶಕದ ಕೊನೆಯಲ್ಲಿ ಈ ಊರಿನ ಕಾಫಿ ಹೌಸುಗಳಲ್ಲಿ ಗಿಟಾರು ಹಿಡಿದ ಹುಡುಗರ ಒಂದು ಗುಂಪೇ ಇತ್ತು. ಗೈ ಕ್ಲಾರ್ಕ್ ಅವರಲ್ಲೊಬ್ಬ, ಟೌನ್ಸ್‌ಗೆ ಜೀವದ ಗೆಳೆಯ. ಶುರುವಿನಲ್ಲಿ ಟೌನ್ಸ್ ಬೇರೆಯವರ ಹಾಡು, ತಮಾಷೆ ಹಾಡು ಹೇಳಿಕೊಂಡಿದ್ದ. ನಿನ್ನದೇ ಹಾಡು ಬರಿ ಅಂತ ಹುರಿದುಂಬಿಸಿದವರು ಅಪ್ಪ. 1966ರಲ್ಲಿ ಅಪ್ಪ ತೀರಿಕೊಂಡರು. ಮರುವರ್ಷ ಹುಡುಗ ಕಾನೂನು ಓದು ಬಿಟ್ಟ.

ಮೊದಲ ಆಲ್ಬಂ 1968ರಲ್ಲಿ ಬಂತು, 'ಫಾರ್ ದ ಸೇಕ್ ಆಫ್ ದ ಸಾಂಗ್'. ಮಿಕಿ ನ್ಯೂಬರಿ ಅನ್ನೋ ಹಾಡುಗಾರ ಇವನನ್ನು ನ್ಯಾಶ್‌ವಿಲ್‌ನ ಜ್ಯಾಕ್ ಕ್ಲೆಮೆಂಟ್‌ಗೆ ಪರಿಚಯಿಸಿದ. ಕ್ಲೆಮೆಂಟ್ ದೊಡ್ಡ ನಿರ್ಮಾಪಕ, ಆದರೆ ಈ ಹಾಡುಗಳಿಗೆ ವಾದ್ಯ ಜಾಸ್ತಿ ತುಂಬಿಬಿಟ್ಟರು. ಮಾತು ಕೇಳಿಸುವುದೇ ಕಷ್ಟ. ಮರುವರ್ಷ ಟೌನ್ಸ್ ಏನು ಮಾಡಿದ ಗೊತ್ತಾ? ಅದೇ ಹಾಡುಗಳಲ್ಲಿ ಕೆಲವನ್ನು ತನ್ನ ಮೂರನೇ ಆಲ್ಬಂಗೆ ಮತ್ತೆ ಹಾಡಿದ, ಈ ಸಲ ಕಡಿಮೆ ವಾದ್ಯದಲ್ಲಿ. ಇಪ್ಪತ್ತೈದು ವರ್ಷದ ಹುಡುಗ. ಆಗಿದ್ದು ಆಯಿತು ಅಂತ ಬಿಡಲಿಲ್ಲ.

ನನಗೆ ಇಲ್ಲಿ ಹೇಳಲೇಬೇಕಾದ ಮಾತು ಒಂದಿದೆ. ಟೌನ್ಸ್ ಬಗ್ಗೆ ಬರೆಯುವವರೆಲ್ಲ ಕುಡಿತದ ಕಥೆಗಳಿಂದ ಶುರು ಮಾಡುತ್ತಾರೆ. ಕುಡಿದ, ಹೆರಾಯಿನ್ ಚುಚ್ಚಿಕೊಂಡ, ದುಡ್ಡು ಜೂಜಿನಲ್ಲಿ ಕಳೆದ. ಎಲ್ಲ ನಿಜ. ಆದರೆ ಅದನ್ನೇ ಕವಿಯ ಲಕ್ಷಣ ಅನ್ನೋ ಹಾಗೆ ಬಣ್ಣಿಸಿದರೆ ನನಗೆ ಸಿಟ್ಟು ಬರುತ್ತದೆ. 1968ರಿಂದ 1972ರ ಒಳಗೆ ಆರು ಆಲ್ಬಂ ಬಂದವು. ಈಗ ಜನ ಹಾಡುವ ಅವನ ಹಾಡುಗಳಲ್ಲಿ ಹೆಚ್ಚಿನವು ಈ ಐದು ವರ್ಷದವು. ಬಾಟಲಿ ಆ ಹಾಡು ಬರೆಯಲಿಲ್ಲ. ಪದ ಪದ ತೂಗಿ ಬರೆದವನು ಒಬ್ಬ ಮನುಷ್ಯ. ಬಾಟಲಿ ಗೆದ್ದ ಮೇಲೆ ಹಾಡು ಕಡಿಮೆಯಾದವು. ಲೆಕ್ಕ ಕಣ್ಣ ಮುಂದೆಯೇ ಇದೆ: 1978ರ ಆಲ್ಬಂ ಆದ ಮೇಲೆ ಸ್ಟುಡಿಯೋದ ಮುಂದಿನ ಆಲ್ಬಂ ಬಂದದ್ದು 1987ರಲ್ಲಿ.

ಅದೃಷ್ಟವೂ ಕೈ ಹಿಡಿಯಲಿಲ್ಲ ಬಿಡಿ. ಆರನೇ ಆಲ್ಬಂಗೆ 'ದ ಲೇಟ್ ಗ್ರೇಟ್ ಟೌನ್ಸ್ ವ್ಯಾನ್ ಜಾಂಟ್' ಅಂತ ಹೆಸರಿಟ್ಟರು. ಬದುಕಿರುವ ಇಪ್ಪತ್ತೆಂಟರ ಹುಡುಗನಿಗೆ 'ದಿವಂಗತ' ಅಂತ! 'ಪ್ಯಾಂಚೊ ಅಂಡ್ ಲೆಫ್ಟಿ' ಇರುವುದು ಇದರಲ್ಲೇ. ಪಾಪಿ ಅನ್ನೋ ಆ ರೆಕಾರ್ಡ್ ಕಂಪನಿ ಸ್ವಲ್ಪ ದಿನಕ್ಕೆ ಮುಚ್ಚಿತು. ಮುಂದಿನ ಆಲ್ಬಂ ರೆಕಾರ್ಡ್ ಆಗಿ ಸಿದ್ಧವಾಗಿತ್ತು. ದುಡ್ಡಿನ ಜಗಳದಲ್ಲಿ ಟೇಪು ಸಿಕ್ಕಿಹಾಕಿಕೊಂಡು, ಜನರ ಕೈಗೆ ಬಂದದ್ದು 1993ರಲ್ಲಿ, ಸುಮಾರು ಇಪ್ಪತ್ತು ವರ್ಷ ತಡವಾಗಿ.

ಈ ಮೂಲೆಯಲ್ಲಿ ಆದದ್ದು 1973ರ ಜುಲೈನಲ್ಲಿ. ಹ್ಯೂಸ್ಟನ್ ಜುಲೈ ಅಂದರೆ ಬೆವರಿನ ಸ್ನಾನ. ಸಣ್ಣ ಕೋಣೆಯಲ್ಲಿ ನೂರರ ಆಸುಪಾಸು ಜನ. ಟೌನ್ಸ್ ಒಬ್ಬನೇ, ಗಿಟಾರು ಒಂದೇ. ಅರ್ಲ್ ವಿಲ್ಲಿಸ್ ಅನ್ನೋರು ಟೇಪಿನಲ್ಲಿ ಹಿಡಿದಿಟ್ಟರು. 1977ರಲ್ಲಿ ಎರಡು ಎಲ್‌ಪಿಗಳಾಗಿ ಹೊರಬಂತು. ಗ್ಲಾಸಿನ ಸದ್ದು, ಕೆಮ್ಮು, ನಗು ಎಲ್ಲ ಕೇಳಿಸುತ್ತದೆ. ಹಾಡಿನ ಮಧ್ಯೆ ಜೋಕು ಹೇಳುತ್ತಾನೆ. ಮುಂದಿನ ಹಾಡು ಶುರುವಾದರೆ ಕೋಣೆಗೆ ಕೋಣೆಯೇ ಸುಮ್ಮನಾಗುತ್ತದೆ. ಟೌನ್ಸ್‌ನ ಒಂದೇ ಒಂದು ರೆಕಾರ್ಡು ಕೇಳುತ್ತೀರಿ ಅಂದರೆ ಇದನ್ನೇ ಕೇಳಿ.

ಫುಟ್‌ಪಾತ್ ಮೇಲೆ ನಿಂತು, ಇಬ್ಬರೂ ಒಂದೊಂದು ಇಯರ್‌ಫೋನ್ ಸಿಕ್ಕಿಸಿಕೊಂಡು ಮೂರು ಹಾಡು ಕೇಳಿದೆವು. ರಜೆಯ ದಿನ, ಬೀದಿ ಖಾಲಿ. ರೆಕಾರ್ಡಿನ ಚಪ್ಪಾಳೆ ಕಿವಿಯಲ್ಲಿ, ಎದುರಿಗೆ ಮುಚ್ಚಿದ ಬಾಗಿಲು. ತಮ್ಮ ಏನೂ ಮಾತಾಡಲಿಲ್ಲ. ಆಮೇಲೆ "ಇನ್ನೊಂದು ಹಾಕು," ಅಂದ.

ಸಂಜೆ ಸೇತುವೆ ದಾಟಿ ಗ್ಯಾಲ್ವೆಸ್ಟನ್ ದ್ವೀಪಕ್ಕೆ ಬಂದೆವು. ಹ್ಯೂಸ್ಟನ್ನಿನಿಂದ 80 ಕಿಲೋಮೀಟರ್. ಮಧ್ಯರಾತ್ರಿ ಸಮುದ್ರದ ಮೇಲೆ ಪಟಾಕಿ. ತಮ್ಮನ ಆಸೆಯೂ ತೀರಿತು.

ನಾಲ್ಕನೇ ದಿನ, ಜನವರಿ 1

ಬೆಳಗ್ಗೆ ಮೆಡಿಕಲ್ ಕಾಲೇಜಿನ ಕಡೆ ನಡೆದು ಹೋದೆ, ಒಬ್ಬಳೇ. ಟೆಕ್ಸಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಖೆ ಇರುವುದು ಈ ದ್ವೀಪದಲ್ಲಿ. ಕೆಂಪು ಕಲ್ಲಿನ ಹಳೆಯ ಕಟ್ಟಡ ಚೆನ್ನಾಗಿದೆ. ಆದರೆ ನನಗೆ ಅದರ ಅಂದ ನೋಡಲು ಆಗಲಿಲ್ಲ.

ಟೌನ್ಸ್ ಕೊಲರಾಡೋದಲ್ಲಿ ಕಾಲೇಜು ಓದುವಾಗ ವಿಪರೀತ ಕುಡಿತ, ದಿನಗಟ್ಟಲೆ ಮಂಕು. ಬೀಳುವುದು ಹೇಗಿರುತ್ತದೆ ಅಂತ ನೋಡಲು ಒಂದು ಪಾರ್ಟಿಯಲ್ಲಿ ನಾಲ್ಕನೇ ಮಹಡಿಯಿಂದ ಹಿಂದಕ್ಕೆ ವಾಲಿ ಬಿದ್ದನಂತೆ. ಅಪ್ಪ ಅಮ್ಮ ಹೆದರಿ ಮನೆಗೆ ಕರೆತಂದರು. 1964ರಲ್ಲಿ ಈ ಆಸ್ಪತ್ರೆಗೆ ಸೇರಿಸಿದರು. ಆಗ ಮನಸ್ಸಿನ ಕಾಯಿಲೆಗೆ ಇನ್ಸುಲಿನ್ ಚಿಕಿತ್ಸೆ ಕೊಡುತ್ತಿದ್ದರು. ಇನ್ಸುಲಿನ್ ಕೊಟ್ಟು ರಕ್ತದ ಸಕ್ಕರೆ ಇಳಿಸಿ ಕೋಮಾಗೆ ಒಯ್ಯುವುದು, ಆಮೇಲೆ ಗ್ಲುಕೋಸ್ ಕೊಟ್ಟು ಎಬ್ಬಿಸುವುದು. ಮತ್ತೆ ಅದೇ, ತಿಂಗಳುಗಟ್ಟಲೆ. ಈ ಚಿಕಿತ್ಸೆಯನ್ನು ವೈದ್ಯರೇ ಆಮೇಲೆ ಕೈಬಿಟ್ಟರು. ಟೌನ್ಸ್ ಹೊರಗೆ ಬಂದಾಗ ಬಾಲ್ಯದ ನೆನಪು ಬಹಳಷ್ಟು ಅಳಿಸಿಹೋಗಿತ್ತು. ತಾಯಿಗೆ ಆ ನೋವು ಕೊನೆಯವರೆಗೂ ಉಳಿಯಿತು.

ಮಗುವಾಗಿದ್ದಾಗಿನ ಮನೆ, ಅಮ್ಮ, ಬೀದಿ ಯಾವುದೂ ಸರಿಯಾಗಿ ನೆನಪಿಲ್ಲದವನು ಹಾಡು ಬರೆಯಲು ಕೂತರೆ ಏನು ಬರೆದಾನು? ಅವನ ಹಾಡುಗಳಲ್ಲಿ ಜನ ಯಾವಾಗಲೂ ಹೊರಟು ಹೋಗುತ್ತಿರುತ್ತಾರೆ. ಎಲ್ಲಿಂದ ಬಂದರು ಅನ್ನುವುದು ಅಪರೂಪಕ್ಕೆ ಮಾತ್ರ. ಇದು ನನ್ನ ಊಹೆ. ಆದರೆ ಆ ಕಟ್ಟಡದ ಎದುರು ನಿಂತಾಗ ಬೇರೆ ಏನೂ ತೋಚಲಿಲ್ಲ.

ಸಂಜೆ, ಬಂದ ಕೆಲಸ. ರೆಕ್ಸ್ ಬೆಲ್ ತೊಂಬತ್ತರ ದಶಕದಲ್ಲಿ ಗ್ಯಾಲ್ವೆಸ್ಟನ್ನಿನ 20ನೇ ಬೀದಿಯಲ್ಲಿ ಹಳೆಯ ಹೆಸರಿನಲ್ಲೇ ಓಲ್ಡ್ ಕ್ವಾರ್ಟರ್ ಅಕೌಸ್ಟಿಕ್ ಕೆಫೆ ತೆರೆದ. ಟೌನ್ಸ್‌ನ 'ರೆಕ್ಸಸ್ ಬ್ಲೂಸ್' ಹಾಡಿನ ರೆಕ್ಸ್ ಇವನೇ. ಟೌನ್ಸ್ ತೀರಿಕೊಂಡ ದಿನದ ನೆನಪಿಗೆ ಪ್ರತಿ ಜನವರಿ ಒಂದರಂದು ಇಲ್ಲಿ ಹಾಡಿನ ರಾತ್ರಿ ನಡೆಯುತ್ತದೆ. ಸಾವಿನ ಮನೆಯಲ್ಲಿ ಕೂತು ಎಚ್ಚರವಿರುವುದಕ್ಕೆ ಇವರಲ್ಲಿ 'ವೇಕ್' ಅನ್ನುತ್ತಾರೆ. ಅದೇ ಹೆಸರು ಇದಕ್ಕೂ. ಜನ ಒಬ್ಬೊಬ್ಬರಾಗಿ ಬಂದು ಅವನ ಹಾಡು ಹಾಡುತ್ತಾರೆ. ಹ್ಯಾಂಕ್ ವಿಲಿಯಮ್ಸ್ ತೀರಿಕೊಂಡದ್ದೂ ಜನವರಿ ಒಂದರಂದೇ, 1953ರಲ್ಲಿ. ಸರಿಯಾಗಿ 44 ವರ್ಷ ಮೊದಲು.

ಒಳಗೆ ಕಾಲಿಡಲು ಜಾಗವಿಲ್ಲ. ಗೋಡೆಗೆ ಒರಗಿ ನಿಂತೆವು. ಬಿಳಿ ಗಡ್ಡದ ಅಜ್ಜನೊಬ್ಬ ನಡುಗುವ ಕೈಯಲ್ಲಿ ನಿಧಾನಕ್ಕೆ ತಂತಿ ಸರಿಮಾಡಿಕೊಂಡ. ಯಾರಿಗೂ ಅವಸರವಿಲ್ಲ. ಹಾಡು ಶುರುವಾದ ಮೇಲೆ ಕೈ ನಡುಗಲಿಲ್ಲ. ಆಮೇಲೆ ಕಾಲೇಜಿನ ಹುಡುಗಿ ಬಂದು 'ಇಫ್ ಐ ನೀಡೆಡ್ ಯೂ' ಹಾಡಿದಳು. ಗೈ ಕ್ಲಾರ್ಕ್ ಮತ್ತು ಅವನ ಹೆಂಡತಿ ಸೂಸನ್ನಾ ಮನೆಯಲ್ಲಿ ಇದ್ದಾಗ, ಜ್ವರದಲ್ಲಿ ಮಲಗಿದ್ದವನಿಗೆ ಕನಸಿನಲ್ಲಿ ಬಂದ ಹಾಡು ಅಂತ ಟೌನ್ಸ್ ಹೇಳುತ್ತಿದ್ದ. 1981ರಲ್ಲಿ ಎಮಿಲೂ ಹ್ಯಾರಿಸ್ ಮತ್ತು ಡಾನ್ ವಿಲಿಯಮ್ಸ್ ಹಾಡಿ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಏರಿಸಿದರು. ಹುಡುಗಿಯ ಜೊತೆ ಬಾಗಿಲ ಹತ್ತಿರದವರು, ಕೌಂಟರಿನವರು ಎಲ್ಲ ಸೇರಿಕೊಂಡರು. ನನ್ನ ಪಕ್ಕದ ಹೆಂಗಸು ಕಣ್ಣು ಒರೆಸಿಕೊಂಡು, "ಎಲ್ಲಿಂದ ಬಂದಿರಿ?" ಅಂತ ಕೇಳಿದರು. ಡೆಂಟನ್ ಅಂದೆ. "ಓ, ಆ ಹೋಟೆಲಿನ ಊರು," ಅಂದರು! ನನ್ನ ಸಂತೋಷ ಹೇಳತೀರದು.

ಹತ್ತು ಗಂಟೆ ಹೊತ್ತಿಗೆ ಯಾರೋ 'ಪ್ಯಾಂಚೊ ಅಂಡ್ ಲೆಫ್ಟಿ' ಎತ್ತಿಕೊಂಡರು. ಈ ಹಾಡಿನ ಪಯಣವೇ ಒಂದು ಕಥೆ. 1972ರಲ್ಲಿ ಬಂದಾಗ ಕೇಳಿದವರು ಕಡಿಮೆ. 1977ರಲ್ಲಿ ಎಮಿಲೂ ಹ್ಯಾರಿಸ್ ತನ್ನ ಆಲ್ಬಂನಲ್ಲಿ ಹಾಡಿದಳು. ಆಮೇಲೆ ವಿಲ್ಲಿ ನೆಲ್ಸನ್ ಕಿವಿಗೆ ಹಾಕಿದ್ದು ಅವರ ಮಗಳು ಲಾನಾ. ಆಸ್ಟಿನ್ ಹತ್ತಿರದ ತಮ್ಮ ಸ್ಟುಡಿಯೋದಲ್ಲಿ ವಿಲ್ಲಿ, ಬಸ್ಸಿನಲ್ಲಿ ಮಲಗಿದ್ದ ಮರ್ಲ್‌ರನ್ನು ನಡುರಾತ್ರಿ ಎಬ್ಬಿಸಿ ಹಾಡಿಸಿದರಂತೆ. ನಿದ್ದೆಗಣ್ಣಿನಲ್ಲಿ ಹಾಡಿದ್ದೇ ಉಳಿಯಿತು. 1983ರಲ್ಲಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನ. ಅದರ ವಿಡಿಯೋದಲ್ಲಿ ಟೌನ್ಸ್‌ಗೂ ಒಂದು ಚಿಕ್ಕ ಪಾತ್ರ ಸಿಕ್ಕಿತು. ಬರೆದವನು ಹಿಂದೆ ನಿಂತಿದ್ದಾನೆ, ಹಾಡುವವರು ಮುಂದೆ. ರಾಯಲ್ಟಿ ಬಂತು, ಅದರಿಂದ ಬದುಕು ನಡೆಯಿತು, ನಿಜ. ಆದರೆ ಆ ವಿಡಿಯೋ ನೋಡಿದಾಗಲೆಲ್ಲ ನನ್ನ ಕಣ್ಣು ಅವನನ್ನೇ ಹುಡುಕುತ್ತದೆ.

ಕೊನೆಯ ದಿನಗಳ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. 1996ರ ಡಿಸೆಂಬರಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆ ನೋವಿನಲ್ಲೇ ಮೆಂಫಿಸ್‌ಗೆ ರೆಕಾರ್ಡಿಂಗ್‌ಗೆ ಹೋದ, ಆಗಲಿಲ್ಲ. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಹೃದಯ ನಿಂತಿತು. ಮುರಿದ ಮೂಳೆಯಲ್ಲೂ ಸ್ಟುಡಿಯೋಗೆ ಹೋಗಬೇಕು ಅನ್ನಿಸಿತಲ್ಲ, ನಾನು ನೆನಪಿಟ್ಟುಕೊಳ್ಳುವುದು ಅದನ್ನೇ.

ಐದನೇ ದಿನ, ಜನವರಿ 2

ಐದಕ್ಕೇ ಎದ್ದು ಹೊರಟರೂ ಆಸ್ಟಿನ್ ತಲುಪಿದಾಗ ಹತ್ತು. ಮೊದಲು ಕ್ಲಾರ್ಕ್ಸ್‌ವಿಲ್. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ 1871ರಲ್ಲಿ ಕಟ್ಟಿಕೊಂಡ ಬಡಾವಣೆ. ಎಪ್ಪತ್ತರ ದಶಕದಲ್ಲಿ ಟೌನ್ಸ್ ಇಲ್ಲಿ ಒಂದು ಟ್ರೈಲರಿನಲ್ಲಿ, ಅಂದರೆ ಗಾಲಿ ಮೇಲಿನ ಮನೆಯಲ್ಲಿ ಇದ್ದ. ಆಗ ತೆಗೆದ ಸಾಕ್ಷ್ಯಚಿತ್ರವೊಂದರಲ್ಲಿ, ನೆರೆಯ ಮುದುಕ ಕಮ್ಮಾರ ಸೇಮೋರ್ ವಾಷಿಂಗ್ಟನ್ ಅವರ ಅಡುಗೆಮನೆಯಲ್ಲಿ ಕೂತು ಟೌನ್ಸ್ 'ವೇಟಿಂಗ್ ಅರೌಂಡ್ ಟು ಡೈ' ಹಾಡುತ್ತಾನೆ. ತಾನು ಮೊದಲು ಬರೆದ ಗಟ್ಟಿ ಹಾಡು ಇದು ಅನ್ನುತ್ತಿದ್ದ. ಕೇಳುತ್ತ ಕೇಳುತ್ತ ಆ ಮುದುಕರ ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತದೆ. ಯಾವ ಪಟ್ಟಿಯ ಮೊದಲ ಸ್ಥಾನವೂ ನನಗೆ ಇದಕ್ಕಿಂತ ದೊಡ್ಡದಲ್ಲ. ಈಗ ಆ ಬೀದಿಗಳಲ್ಲಿ ಭಾರೀ ಬೆಲೆಯ ಮನೆಗಳು. ಟ್ರೈಲರಿನ ಗುರುತು ಎಲ್ಲೂ ಕಾಣಲಿಲ್ಲ.

ಆಮೇಲೆ ದಕ್ಷಿಣಕ್ಕೆ ಲೈವ್ ಓಕ್ ಸ್ಮಶಾನ. ಟೌನ್ಸ್‌ನ ಗೆಳೆಯ, ಹಾಡುಗಾರ ಬ್ಲೇಜ್ ಫೋಲಿಯ ಸಮಾಧಿ ಇರುವುದು ಅಲ್ಲಿ. ಇವನ ಹೆಸರು ಇನ್ನೂ ಕಡಿಮೆ ಜನಕ್ಕೆ ಗೊತ್ತು. ಅರ್ಕನ್ಸಾದಲ್ಲಿ ಹುಟ್ಟಿದವನು, ಇರಲು ಮನೆಯಿಲ್ಲ, ಬೂಟಿಗೆ ಡಕ್ಟ್ ಟೇಪು (ಅಗಲದ ಗಟ್ಟಿ ಅಂಟುಪಟ್ಟಿ) ಅಂಟಿಸಿಕೊಂಡು ತಿರುಗುತ್ತಿದ್ದ. ಅವನ 'ಇಫ್ ಐ ಕುಡ್ ಓನ್ಲಿ ಫ್ಲೈ' ಹಾಡನ್ನು 1987ರಲ್ಲಿ ಹಾಡಿದವರು ಅದೇ ಮರ್ಲ್ ಮತ್ತು ವಿಲ್ಲಿ. 1988ರ ಡಿಸೆಂಬರಿನಲ್ಲಿ ಆಸ್ಟಿನ್ನಿನ ಒಂದು ಬಾರಿನಲ್ಲಿ ರೆಕಾರ್ಡಿಂಗ್ ಮಾಡಿದ. ಫೆಬ್ರವರಿ 1, 1989ರಂದು ಗುಂಡೇಟಿನಿಂದ ಸತ್ತ, ಮೂವತ್ತೊಂಬತ್ತನೇ ವಯಸ್ಸಿನಲ್ಲಿ. ಗೆಳೆಯರು ಶವಪೆಟ್ಟಿಗೆಗೂ ಡಕ್ಟ್ ಟೇಪು ಸುತ್ತಿ ಕಳಿಸಿದರು. ಟೌನ್ಸ್ ಅವನ ಬಗ್ಗೆ 'ಬ್ಲೇಜಸ್ ಬ್ಲೂಸ್' ಅನ್ನೋ ಹಾಡು ಬರೆದ. ಇಲ್ಲಿ ಕಲ್ಲಿನ ಪಕ್ಕ ಯಾರೋ ಒಂದು ಸಣ್ಣ ಡಕ್ಟ್ ಟೇಪಿನ ಸುರುಳಿ ಇಟ್ಟಿದ್ದರು. ಈ ಸಲ ನಾನು ಬರಿಗೈಯಲ್ಲಿ ಬಂದಿರಲಿಲ್ಲ. ದಾರಿಯಲ್ಲಿ ಕೊಂಡಿದ್ದ ಹಳದಿ ಸೇವಂತಿಗೆ ಇಟ್ಟೆ. ಅರ್ಧ ಉಳಿಸಿಕೊಂಡೆ.

"ಆ ಅರ್ಧ ಯಾಕೆ?" ಅಂದ ತಮ್ಮ.

"ಡೈಡೋಗೆ ಕಣೋ. ದಾರಿಯಲ್ಲೇ ಅಲ್ವಾ?"

ದಾರಿಯಲ್ಲಿ ಅಲ್ಲ, ಒಂದು ಗಂಟೆ ಸುತ್ತು. ಅವನಿಗೂ ಗೊತ್ತಿತ್ತು, ಏನೂ ಅನ್ನಲಿಲ್ಲ. ಕತ್ತಲಾಗುವ ಮೊದಲು ಮುಟ್ಟಿ, ಹೂವಿಟ್ಟು, ಎರಡು ನಿಮಿಷ ನಿಂತು ಹೊರಟೆವು.

ಡೆಂಟನ್ ಒಳಗೆ ಬರುವಾಗ ಎಂಟು ಗಂಟೆ. ಹೈವೇ ಪಕ್ಕ ಅಗ್ಗದ ಮೋಟೆಲುಗಳ ಸಾಲು, ಕೆಲವಕ್ಕೆ ದೀಪ, ಕೆಲವಕ್ಕೆ ಇಲ್ಲ. ದಿನಾ ನೋಡುವ ಮೋಟೆಲುಗಳೇ. ಯಾವುದರಲ್ಲಿ ಅಂತ ಯಾರು ಹೇಳಬೇಕು? ತಮ್ಮ ಬಲಗಡೆ ಲೇನಿಗೆ ಬಂದು ಸ್ಪೀಡು ಇಳಿಸಿದ. ಒಂದೊಂದೇ ಕಿಟಕಿ ನೋಡುತ್ತ, ನಿಧಾನಕ್ಕೆ ಮನೆಗೆ ಹೋದೆವು.